ಡಿಸ್ನಿ ಹಡಗಿನ ಯಾನ ಅಷ್ಟು ಬೆಲೆಗೆ ತಕ್ಕುದೇ? ಮಕ್ಕಳಿರುವ ಮನೆಗಳಿಗೆ ಒಂದು ಹೋಲಿಕೆ

ಡಿಸ್ನಿ ಕಂಪನಿಯ ಹಡಗು ಹತ್ತಬೇಕೆಂದರೆ ಮೊದಲೆಲ್ಲ ಅಮೆರಿಕಕ್ಕೋ ಯುರೋಪಿಗೋ ಆಸ್ಟ್ರೇಲಿಯಾಕ್ಕೋ ಹೋಗಬೇಕಿತ್ತು. 2026ರ ಮಾರ್ಚ್‌ನಿಂದ ‘ಡಿಸ್ನಿ ಅಡ್ವೆಂಚರ್’ ಸಿಂಗಪುರದ ಮರೀನಾ ಬೇ ಕ್ರೂಸ್ ಬಂದರಿನಿಂದಲೇ ಹೊರಡುತ್ತಿದೆ. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆ. ಹೀಗಾಗಿ ಬೇಸಿಗೆ ರಜೆಯ, ದಸರಾ ರಜೆಯ ಮಾತು ಬಂದಾಗ ಅನೇಕ ಮನೆಗಳಲ್ಲಿ ಈ ಹಡಗಿನ ಹೆಸರು ಕೇಳಿಬರುತ್ತಿದೆ. ಮಗಳು ‘ಫ್ರೋಜನ್’ ಚಿತ್ರದ ಎಲ್ಸಾಳನ್ನು ನೋಡಲೇಬೇಕು ಎನ್ನುತ್ತಾಳೆ, ಅಪ್ಪ ದರಪಟ್ಟಿ ನೋಡಿ ಬೆಚ್ಚುತ್ತಾರೆ, ಅಜ್ಜಿ ಅಷ್ಟು ದುಡ್ಡಿಗೆ ಕಾಶಿ, ಅಯೋಧ್ಯೆ ಎರಡನ್ನೂ ನೋಡಿ ಬರಬಹುದಲ್ಲ ಎನ್ನುತ್ತಾರೆ. ಮೂವರ ಮಾತಿನಲ್ಲೂ ನ್ಯಾಯವಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಥಾಪಾತ್ರಗಳ ಸುತ್ತ ಕಟ್ಟಿದ ಇಂಥ ಹಡಗು ಕೆಲವು ಕುಟುಂಬಗಳಿಗೆ ಕೊಟ್ಟ ದುಡ್ಡಿಗೆ ಪೂರ್ತಿ ತಕ್ಕುದು. ಉಳಿದವರಿಗೆ ಅದಕ್ಕಿಂತ ಒಳ್ಳೆಯ ದಾರಿಗಳಿವೆ. ನೀವು ಯಾವ ಕಡೆಗೆ ಸೇರುತ್ತೀರಿ ಎಂಬುದು ಸಂಬಳದ ಮೊತ್ತಕ್ಕಿಂತ ಹೆಚ್ಚಾಗಿ ಹಡಗಿನ ಮೇಲಿರುವುದನ್ನು ನಿಮ್ಮ ಮನೆಯ ಎಷ್ಟು ಜನ ನಿಜವಾಗಿ ಬಳಸುತ್ತೀರಿ ಎಂಬುದರ ಮೇಲೆ ನಿಂತಿದೆ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮುಖ್ಯವಾದದ್ದು ಮಗುವಿನ ವಯಸ್ಸು. ಸುಮಾರು ನಾಲ್ಕರಿಂದ ಒಂಬತ್ತರವರೆಗೆ ಮಕ್ಕಳು ವೇಷ ತೊಟ್ಟ ಮಿಕ್ಕಿಯನ್ನು ಮಿಕ್ಕಿ ಎಂದೇ ನಂಬುತ್ತಾರೆ, ಓಡಿ ಹೋಗಿ ತಬ್ಬಿಕೊಳ್ಳುತ್ತಾರೆ. ಡಿಸ್ನಿ ಹಡಗು ಹೆಚ್ಚುವರಿ ಬೆಲೆಗೆ ಮಾರುವುದು ಈ ನಂಬಿಕೆಯನ್ನು. ಹನ್ನೆರಡು ದಾಟಿದ ಹುಡುಗನಿಗೆ ಅದು ಬೇಕಿಲ್ಲ, ಎರಡು ವರ್ಷದ ಕೂಸಿಗೆ ನೆನಪುಳಿಯುವುದಿಲ್ಲ. ಇಷ್ಟಕ್ಕೇ ಮುಗಿಯಲಿಲ್ಲ, ನಿಮ್ಮ ಮಗುವಿನ ಒಲವು ಎಲ್ಲಿದೆ ಎಂಬುದನ್ನೂ ಕೇಳಿಕೊಳ್ಳಿ. ನಮ್ಮ ಎಷ್ಟೋ ಮಕ್ಕಳು ಛೋಟಾ ಭೀಮ್ ನೋಡಿ ಬೆಳೆದವರು. ಮೋನಾ ಯಾರು, ವುಡಿ ಯಾರು ಎಂದು ಅವರಿಗೆ ಗೊತ್ತೇ ಇರುವುದಿಲ್ಲ. ಗೆಳೆಯರ ಮನೆಯವರು ಹೋಗಿ ಬಂದರೆಂಬ ಕಾರಣಕ್ಕೆ ಹುಟ್ಟಿದ ಆಸೆಗೂ, ರಾತ್ರಿ ಮಲಗುವಾಗ ದಿಂಬಿನ ಪಕ್ಕ ಅದೇ ಗೊಂಬೆ ಇಟ್ಟುಕೊಳ್ಳುವ ಮಗುವಿನ ಆಸೆಗೂ ಬಹಳ ವ್ಯತ್ಯಾಸವಿದೆ.

ಎರಡನೆಯದು, ತಲೆಗೆ ಒಂದು ರಾತ್ರಿಗೆ ಬೀಳುವ ಒಟ್ಟು ಖರ್ಚು. ಮೂರನೆಯದು, ನಿಮಗೆ ಬೇಕಿರುವುದು ಹಡಗೋ, ಊರುಗಳೋ ಎಂಬುದು. ನಾಲ್ಕನೆಯದು, ಜೊತೆಗೆ ಬರುವ ಹಿರಿಯರ ಕಾಲು ಮತ್ತು ಊಟ. ಈ ಕೊನೆಯದನ್ನು ಬಹಳ ಜನ ಹಡಗು ಹತ್ತಿದ ಮೇಲೆ ಯೋಚಿಸುತ್ತಾರೆ. ಅದಕ್ಕೇ ಇಲ್ಲಿ ಸೇರಿಸಿದ್ದೇನೆ.

ದರಪಟ್ಟಿಯಲ್ಲಿ ಕಾಣದ ಖರ್ಚು

ಕ್ರೂಸ್‌ನ ಜಾಹೀರಾತಿನ ದರ ಮದುವೆ ಛತ್ರದ ಬಾಡಿಗೆ ಇದ್ದಂತೆ. ಕರೆಂಟು, ಪಾತ್ರೆ, ಸ್ವಚ್ಛತೆ ಎಲ್ಲ ಆಮೇಲೆ ಸೇರುತ್ತಾ ಹೋಗುತ್ತವೆ. ದೊಡ್ಡ ಅಕ್ಷರದಲ್ಲಿ ಕಾಣುವ ಮೊತ್ತ ಸಾಮಾನ್ಯವಾಗಿ ಕಿಟಕಿಯಿಲ್ಲದ ಒಳಕೋಣೆಯಲ್ಲಿ ಇಬ್ಬರು ಇದ್ದಾಗ ಒಬ್ಬರಿಗೆ ಬೀಳುವ ದರ. ಅದಕ್ಕೆ ಬಂದರು ಶುಲ್ಕ ಮತ್ತು ತೆರಿಗೆ ಸೇರಬೇಕು. ಅದೇ ಕೋಣೆಯ ಮೂರನೆಯ, ನಾಲ್ಕನೆಯ ಹಾಸಿಗೆಗೆ ದರ ಬಹುಪಾಲು ಕಡಿಮೆ ಇರುತ್ತದೆ. ಹಾಗಾಗಿ ಇಬ್ಬರು ಮಕ್ಕಳಿರುವ ಮನೆಗೆ ಒಂದೇ ಕೋಣೆ ಲಾಭ. ಅಜ್ಜ ಅಜ್ಜಿ ಬಂದರೆ ಎರಡನೆಯ ಕೋಣೆ ಬೇಕಾಗುತ್ತದೆ, ಲೆಕ್ಕ ಏಕಾಏಕಿ ಮೇಲೇರುತ್ತದೆ.

ಆಮೇಲೆ ಟಿಪ್ಸ್. ನಮ್ಮಲ್ಲಿ ಹೋಟೆಲಿನಲ್ಲಿ ಮನಸ್ಸಿದ್ದಷ್ಟು ಇಡುವ ರೂಢಿ, ಅಲ್ಲಿ ಹಾಗಲ್ಲ. ತಲೆಗೆ ದಿನಕ್ಕೆ ಇಷ್ಟು ಎಂದು ಖಾತೆಗೆ ತಾನಾಗಿಯೇ ಸೇರುತ್ತದೆ, ಮಕ್ಕಳಿಗೂ ಸೇರುತ್ತದೆ. ರಾಯಲ್ ಕೆರಿಬಿಯನ್ ಎಂಬ ಇನ್ನೊಂದು ಕ್ರೂಸ್ ಕಂಪನಿ 2023ರ ಕೊನೆಯಲ್ಲಿ ಸಾಮಾನ್ಯ ಕೋಣೆಗಳಿಗೆ ನಿಗದಿ ಮಾಡಿದ ದರ ತಲೆಗೆ ದಿನಕ್ಕೆ 18 ಡಾಲರ್. ಅದನ್ನೇ ಹಿಡಿದರೆ ನಾಲ್ವರಿಗೆ ಮೂರು ರಾತ್ರಿಗೆ 216 ಡಾಲರ್, ನಾಲ್ಕು ರಾತ್ರಿಗೆ 288 ಡಾಲರ್ ಆಗುತ್ತದೆ. ಇಂಟರ್ನೆಟ್, ಮದ್ಯ, ವಿಶೇಷ ರೆಸ್ಟೋರೆಂಟುಗಳು, ಹಡಗಿನ ಛಾಯಾಗ್ರಾಹಕರು ತೆಗೆಯುವ ಫೋಟೋ ಎಲ್ಲಕ್ಕೂ ಬೇರೆ ಹಣ. ಡಿಸ್ನಿ ಹಡಗುಗಳಲ್ಲಿ ಊಟದ ಜೊತೆಗಿನ ತಂಪು ಪಾನೀಯಗಳಿಗೆ ಹಣ ತೆಗೆದುಕೊಳ್ಳುವುದಿಲ್ಲ, ಬೇರೆ ಅನೇಕ ಹಡಗುಗಳಲ್ಲಿ ಅದಕ್ಕೂ ಪ್ಯಾಕೇಜ್ ಕೊಳ್ಳಬೇಕು. ಸಣ್ಣ ವಿಷಯವೆನಿಸಬಹುದು, ಆದರೆ ಮಕ್ಕಳಿದ್ದರೆ ಇದು ಸಣ್ಣದಲ್ಲ.

ಹಡಗಿನ ಹೊರಗಿನ ಖರ್ಚೂ ಇದೆ: ವಿಮಾನ, ವೀಸಾ, ವಿಮೆ, ಮತ್ತು ಹಿಂದಿನ ರಾತ್ರಿಯ ಹೋಟೆಲ್. ಹಡಗು ಹೊರಡುವ ದಿನವೇ ಸಿಂಗಪುರಕ್ಕೆ ಇಳಿಯುವ ಯೋಜನೆ ಹಾಕಬೇಡಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ, ಹಣವೂ ಮರಳುವುದಿಲ್ಲ. ಭಾರತದಲ್ಲಿ ಏಜೆಂಟರ ಮೂಲಕ ವಿದೇಶಿ ಪ್ಯಾಕೇಜ್ ಕೊಂಡರೆ ಮೂಲದಲ್ಲೇ ಒಂದಿಷ್ಟು ತೆರಿಗೆ ಸಂಗ್ರಹಿಸುತ್ತಾರೆ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಆ ಹಣ ನಿಮ್ಮ ಕೈಯಲ್ಲಿರುವುದಿಲ್ಲ.

ಎಲ್ಲವನ್ನೂ ಕೂಡಿಸಿ ತಲೆಯಿಂದಲೂ ರಾತ್ರಿಯಿಂದಲೂ ಭಾಗಿಸಿ. ನೆಲದ ಪ್ರವಾಸದ ಲೆಕ್ಕವನ್ನೂ ಹೀಗೆಯೇ ಮಾಡಿ. ಅದಕ್ಕೆ ಹೋಟೆಲಿನ ಜೊತೆ ಮೂರು ಹೊತ್ತಿನ ಊಟ, ಟ್ಯಾಕ್ಸಿ, ಪಾರ್ಕುಗಳ ಟಿಕೆಟ್ ಸೇರಿಸದಿದ್ದರೆ ಹೋಲಿಕೆ ನ್ಯಾಯವಾಗುವುದಿಲ್ಲ, ಏಕೆಂದರೆ ಹಡಗಿನ ದರದೊಳಗೆ ಊಟ, ಆಟ, ನಾಟಕ, ಮಕ್ಕಳ ಕ್ಲಬ್ ಎಲ್ಲವೂ ಬರುತ್ತವೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಮೂರು ರಾತ್ರಿಯ ಯಾನ ಎಂದರೆ ನಾಲ್ಕು ದಿನವಲ್ಲ. ಮೊದಲ ದಿನ ತಪಾಸಣೆ ಮುಗಿಸಿ ಹಡಗು ಹತ್ತುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ, ಕೊನೆಯ ದಿನ ತಿಂಡಿ ಮುಗಿಯುತ್ತಲೇ ಇಳಿಸುತ್ತಾರೆ. ಕೈಗೆ ಸಿಗುವುದು ಎರಡು ಪೂರ್ತಿ ದಿನ. ನಾಲ್ಕು ರಾತ್ರಿಯದಾದರೆ ಮೂರು. ವಿಮಾನ, ವೀಸಾ, ಹೋಟೆಲಿನ ಖರ್ಚು ಎರಡಕ್ಕೂ ಒಂದೇ. ಹೋಗುವುದೇ ಆದರೆ ನಾಲ್ಕು ರಾತ್ರಿಯದನ್ನೇ ನೋಡಿ. ಅದಕ್ಕೆ ಬಜೆಟ್ ಸಾಲದಿದ್ದರೆ ಮೂರು ರಾತ್ರಿಗೆ ಇಳಿಯುವ ಬದಲು ಒಂದು ವರ್ಷ ಕಾಯುವುದು ಮೇಲು.

ತಾರೀಖಿನ ವಿಷಯದಲ್ಲಿ ಕರ್ನಾಟಕದವರಿಗೆ ಒಂದು ಅನುಕೂಲವಿದೆ. ಸಿಂಗಪುರದ ಶಾಲೆಗಳಿಗೆ ದೀರ್ಘ ರಜೆ ಬರುವುದು ಜೂನ್ ತಿಂಗಳಲ್ಲಿ, ಮತ್ತೆ ನವೆಂಬರ್ ನಡುವಿನಿಂದ ಡಿಸೆಂಬರ್ ಕೊನೆಯವರೆಗೆ. ಆಗ ಅಲ್ಲಿನವರೇ ಹಡಗು ತುಂಬಿಸುತ್ತಾರೆ, ದರವೂ ಏರುತ್ತದೆ. ನಮ್ಮ ಬೇಸಿಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ, ದಸರಾ ರಜೆ ಅಕ್ಟೋಬರ್ ಆಸುಪಾಸಿನಲ್ಲಿ. ಎರಡೂ ಅವರ ದೀರ್ಘ ರಜೆಯ ಆಚೆ ಬೀಳುತ್ತವೆ. ಕ್ರಿಸ್‌ಮಸ್ ರಜೆಗೆ ಹೋಗಬೇಕೆಂಬ ಹಟವಿಲ್ಲದಿದ್ದರೆ ಇದನ್ನು ಬಳಸಿಕೊಳ್ಳಿ.

ಡಿಸ್ನಿ ಅಡ್ವೆಂಚರ್: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಈ ಹಡಗು ಹುಟ್ಟಿದ್ದು ಡಿಸ್ನಿಗಾಗಿ ಅಲ್ಲ. ಜರ್ಮನಿಯ ವಿಸ್ಮಾರ್‌ನಲ್ಲಿ ಏಷ್ಯಾದ ಗೆಂಟಿಂಗ್ ಸಮೂಹಕ್ಕಾಗಿ ‘ಗ್ಲೋಬಲ್ ಡ್ರೀಮ್’ ಎಂಬ ಹೆಸರಿನಲ್ಲಿ ಕಟ್ಟುತ್ತಿದ್ದದ್ದು. ಹಡಗುಕಟ್ಟೆ ದಿವಾಳಿಯಾದ ಮೇಲೆ 2022ರಲ್ಲಿ ಡಿಸ್ನಿ ಅದನ್ನು ಕೊಂಡು ತನಗೆ ಬೇಕಾದಂತೆ ಮಾರ್ಪಡಿಸಿತು. ಗಾತ್ರ ಸುಮಾರು 2,08,000 ಗ್ರಾಸ್ ಟನ್ (ಇದು ತೂಕವಲ್ಲ, ಹಡಗಿನ ಒಳಜಾಗದ ಅಳತೆ), ಪ್ರಯಾಣಿಕರು ಸುಮಾರು 6,700. ಅಮೆರಿಕದಲ್ಲಿರುವ ಬಂಧುಗಳು ಹೊಗಳುವ ‘ಡಿಸ್ನಿ ವಿಶ್’ ಸುಮಾರು 1,44,000 ಟನ್ನಿನದು, 4,000 ಜನರದು. ಆದ್ದರಿಂದ ಅವರ ಅನುಭವ ಕೇಳಿ ಇದೂ ಹಾಗೆಯೇ ಇರುತ್ತದೆ ಎಂದುಕೊಳ್ಳಬೇಡಿ. ಇದು ತೇಲುವ ದೊಡ್ಡ ಥೀಮ್ ಪಾರ್ಕ್, ಅದಕ್ಕೆ ತಕ್ಕ ಜನಸಂದಣಿಯೂ ಇರುತ್ತದೆ.

ಅತಿ ಮುಖ್ಯವಾದ ವ್ಯತ್ಯಾಸ ಮತ್ತೊಂದಿದೆ. ಫ್ಲಾರಿಡಾದಿಂದ ಹೊರಡುವ ಡಿಸ್ನಿ ಹಡಗುಗಳು ಬಹಾಮಾಸ್‌ನಲ್ಲಿರುವ ಡಿಸ್ನಿಯದೇ ಕಡಲತೀರಗಳಲ್ಲಿ ನಿಲ್ಲುತ್ತವೆ. ಸಿಂಗಪುರದ ಹಡಗು ಮೂರು ಅಥವಾ ನಾಲ್ಕು ರಾತ್ರಿ ಸಮುದ್ರದಲ್ಲೇ ಸುತ್ತಿ ಸಿಂಗಪುರಕ್ಕೇ ಮರಳುವಂತೆ ಯೋಜನೆಯಾಗಿದೆ, ನಡುವೆ ಯಾವ ಊರಿಗೂ ಇಳಿಸುವುದಿಲ್ಲ. ಹೊಸ ದೇಶ ನೋಡುವ ಆಸೆಯಿರುವ ಅಪ್ಪ ಅಮ್ಮನಿಗೆ ಇದು ನಿರಾಸೆ ತರುವುದು ಖಚಿತ. ಆದರೆ ಪುಟ್ಟ ಮಕ್ಕಳ ದೃಷ್ಟಿಯಿಂದ ನೋಡಿದರೆ ಇದರಲ್ಲಿ ದೊಡ್ಡ ನೆಮ್ಮದಿಯಿದೆ: ದಿನವೂ ಬೆಳಿಗ್ಗೆ ಎಬ್ಬಿಸಿ ಬಸ್ಸು ಹತ್ತಿಸಬೇಕಿಲ್ಲ, ಬಟ್ಟೆ ಬಿಚ್ಚಿಟ್ಟರೆ ಕೊನೆಯ ದಿನದವರೆಗೆ ಗಂಟು ಕಟ್ಟಬೇಕಿಲ್ಲ, ನಿದ್ದೆ ಬಂದರೆ ಕೋಣೆ ಐದು ನಿಮಿಷದಲ್ಲಿದೆ.

ಹಡಗಿನೊಳಗೆ ಏಳು ಕಥಾಲೋಕಗಳಿವೆ. ಟಾಯ್ ಸ್ಟೋರಿಯ ನೀರಾಟ, ಮೋನಾಳ ಕಡಲತೀರದಂತೆ ಕಟ್ಟಿದ ಈಜುಕೊಳ, ಮಾರ್ವೆಲ್ ವೀರರ ಪ್ರದೇಶದಲ್ಲಿ ರೋಲರ್ ಕೋಸ್ಟರ್ ಇವೆ. ಡಿಸ್ನಿ ಹಡಗೊಂದರಲ್ಲಿ ರೋಲರ್ ಕೋಸ್ಟರ್ ಬಂದದ್ದು ಇದೇ ಮೊದಲು. ಅದಕ್ಕೆ ಎತ್ತರದ ಮಿತಿಯಿದೆ ಎಂದು ಮಕ್ಕಳಿಗೆ ಮನೆಯಲ್ಲೇ ಹೇಳಿಬಿಡಿ, ಸರದಿಯ ಕೊನೆಯಲ್ಲಿ ಅಳು ತಪ್ಪುತ್ತದೆ. ರಾತ್ರಿಯೂಟಕ್ಕೆ ದಿನಕ್ಕೊಂದು ರೆಸ್ಟೋರೆಂಟ್ ಬದಲಾಗುತ್ತದೆ, ಬಡಿಸುವವರು ಮಾತ್ರ ನಿಮ್ಮ ಜೊತೆಗೇ ಬರುತ್ತಾರೆ. ಮಗುವಿಗೆ ಮೊಸರು ಬೇಕು, ಖಾರ ಬೇಡ ಎಂಬುದನ್ನು ಎರಡನೆಯ ದಿನ ಮತ್ತೆ ಹೇಳುವ ಅಗತ್ಯ ಬರುವುದಿಲ್ಲ. ಮೌಗ್ಲಿಯ ಹೆಸರಿನ ಭಾರತೀಯ ತಿನಿಸುಗಳ ಉಪಾಹಾರ ಕೇಂದ್ರವೂ ಇದೆ. ಡಿಸ್ನಿ ಹಡಗುಗಳಲ್ಲಿ ಕ್ಯಾಸಿನೊ ಇರುವುದಿಲ್ಲ. ಇಡೀ ಹಡಗಿನ ವಾತಾವರಣವೇ ಇದರಿಂದ ಬೇರೆಯಾಗಿರುತ್ತದೆ. ಮನೆಯವರೆಲ್ಲ ಒಟ್ಟಾಗಿ ಹೋಗುವವರು ಇದಕ್ಕೂ ಬೆಲೆ ಕಟ್ಟಬೇಕು ಎಂದು ನನಗನಿಸುತ್ತದೆ.

ಮೂರು ವರ್ಷ ತುಂಬಿದ ಮಕ್ಕಳಿಗೆ ಕ್ಲಬ್ ದರದೊಳಗೇ ಸೇರಿದೆ. ಅದಕ್ಕಿಂತ ಸಣ್ಣವರ ಶಿಶುಕೇಂದ್ರಕ್ಕೆ ಗಂಟೆಯ ಲೆಕ್ಕದಲ್ಲಿ ಹಣ. ಡೈಪರ್ ಬಿಡದ ಮಕ್ಕಳನ್ನು ದೊಡ್ಡ ಈಜುಕೊಳಕ್ಕೆ ಬಿಡುವುದಿಲ್ಲ. ಆರು ತಿಂಗಳಾಗದ ಕೂಸನ್ನೂ, 24 ವಾರ ತಲುಪಿದ ಗರ್ಭಿಣಿಯರನ್ನೂ ಹಡಗಿಗೆ ಹತ್ತಿಸುವುದಿಲ್ಲ. ಕಿರಿಯ ಮಗುವಿಗೆ ಎರಡೇ ವರ್ಷವಾಗಿದ್ದರೆ ಇನ್ನೆರಡು ವರ್ಷ ಕಾಯುವುದರಲ್ಲಿ ನಷ್ಟವೇನೂ ಇಲ್ಲ. ಹಡಗು ಕನಿಷ್ಠ ಐದು ವರ್ಷ ಸಿಂಗಪುರದಲ್ಲೇ ಇರುವುದೆಂದು ಒಪ್ಪಂದವಾಗಿದೆ.

ಕೋಣೆ ಆರಿಸುವಾಗ ಹೆಸರನ್ನು ಎಚ್ಚರದಿಂದ ಓದಿ. ಈ ಹಡಗಿನಲ್ಲಿ ಕೆಲವು ಬಾಲ್ಕನಿಗಳು ಸಮುದ್ರದ ಕಡೆಗಲ್ಲ, ಹಡಗಿನ ನಡುವಿನ ತೋಟದ ಕಡೆಗೆ ತೆರೆಯುತ್ತವೆ. ಬಾಲ್ಕನಿ ಎಂದೊಡನೆ ಕಡಲು ಕಾಣುತ್ತದೆಂದು ಹಣ ಕಟ್ಟಬೇಡಿ. ನನ್ನನ್ನು ಕೇಳಿದರೆ ಈ ಹಡಗಿಗೆ ಒಳಕೋಣೆಯೇ ಸಾಕು. ಎಚ್ಚರವಿದ್ದಷ್ಟು ಹೊತ್ತೂ ಮಕ್ಕಳು ನಿಮ್ಮನ್ನು ಹೊರಗೇ ಎಳೆದುಕೊಂಡು ಹೋಗುತ್ತಾರೆ.

ಸಿಂಗಪುರದ ಬೇರೆ ಹಡಗುಗಳು

ಋತುವಿಗೆ ತಕ್ಕಂತೆ ರಾಯಲ್ ಕೆರಿಬಿಯನ್‌ನ ದೊಡ್ಡ ಹಡಗುಗಳು ಸಿಂಗಪುರಕ್ಕೆ ಬರುತ್ತವೆ. 2016ರ ‘ಓವೇಶನ್ ಆಫ್ ದಿ ಸೀಸ್’ ಅಂಥದ್ದು: ಗಾಳಿಯಲ್ಲಿ ತೇಲುವ ಕೃತಕ ಸ್ಕೈಡೈವಿಂಗ್, ಅಲೆಯ ಮೇಲೆ ಸರ್ಫಿಂಗ್, ಡಿಕ್ಕಿ ಕಾರು, ಹಡಗಿನಿಂದ ಎತ್ತರಕ್ಕೆ ಒಯ್ಯುವ ಗಾಜಿನ ಗೂಡು. ಹತ್ತರಿಂದ ಹದಿನೇಳರ ಮಕ್ಕಳಿಗೆ ಇದು ಹೇಳಿ ಮಾಡಿಸಿದ ಹಡಗು. ಅದೇ ಮಟ್ಟದ ಕೋಣೆಗೆ ಇಲ್ಲಿನ ದರ ಸಾಮಾನ್ಯವಾಗಿ ಡಿಸ್ನಿಗಿಂತ ಕಡಿಮೆ. ಜೊತೆಗೆ ಪೆನಾಂಗ್, ಫುಕೆಟ್‌ನಂಥ ಊರುಗಳೂ ಸಿಗುತ್ತವೆ. ಪೆನಾಂಗ್‌ನಲ್ಲಿ ಹಡಗಿನಿಂದ ಇಳಿದು ನಡೆದೇ ಜಾರ್ಜ್ ಟೌನ್‌ನ ಹಳೆಯ ಬೀದಿಗಳಿಗೆ ಹೋಗಬಹುದು. ಅಲ್ಲಿನ ಲಿಟಲ್ ಇಂಡಿಯಾದಲ್ಲಿ ದೋಸೆ ತಿಂದು ಮರಳಬಹುದು, ಹಡಗಿನವರು ಮಾರುವ ದುಬಾರಿ ಪ್ರವಾಸದ ಅಗತ್ಯವೇ ಇಲ್ಲ. ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಹೆಚ್ಚಾಗಿ ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ದಡ ಸೇರಿಸುತ್ತವೆ. ಮೊಣಕಾಲು ನೋವಿರುವ ಅಜ್ಜಿಗೆ ಅದು ಕಷ್ಟ.

ಗೆಂಟಿಂಗ್ ಡ್ರೀಮ್ ಎಂಬ ಇನ್ನೊಂದು ಹಡಗು ಎರಡು, ಮೂರು ರಾತ್ರಿಯ ಯಾನಗಳನ್ನು ನಡೆಸುತ್ತದೆ. ಜೈನ ಊಟವೂ ಸೇರಿದಂತೆ ಭಾರತೀಯ ಸಸ್ಯಾಹಾರಕ್ಕೆ ಅಲ್ಲಿ ಗಮನ ಕೊಡುತ್ತಾರೆ. ಹಡಗಿನ ಪ್ರಯಾಣ ಮನೆಯವರಿಗೆ ಹಿಡಿಸುತ್ತದೋ ಇಲ್ಲವೋ ಎಂದು ಕಡಿಮೆ ಖರ್ಚಿನಲ್ಲಿ ತಿಳಿಯಬೇಕಿದ್ದರೆ ಇದು ಒಳ್ಳೆಯ ಆಯ್ಕೆ. ಈ ಎರಡೂ ಕಡೆ ಕ್ಯಾಸಿನೊ ಇದೆ, ಮಕ್ಕಳಿಗೆ ಅದರೊಳಗೆ ಪ್ರವೇಶವಿಲ್ಲ.

ಪಾಸ್‌ಪೋರ್ಟ್ ಬೇಡದ ದಾರಿ

ಕಾರ್ಡೀಲಿಯಾ ಎಂಬ ಕ್ರೂಸ್ ಕಂಪನಿಯ ‘ಎಂಪ್ರೆಸ್’ ಹಡಗು 2021ರಿಂದ ಮುಂಬೈ, ಗೋವಾ, ಕೊಚ್ಚಿ, ಲಕ್ಷದ್ವೀಪಗಳ ನಡುವೆ ಓಡಾಡುತ್ತಿದೆ. ಮಳೆಗಾಲದಲ್ಲಿ ಪೂರ್ವ ಕರಾವಳಿಗೆ, ಚೆನ್ನೈ ಕಡೆಗೆ ಹೋಗುತ್ತದೆ. 1990ರಲ್ಲಿ ಕಟ್ಟಿದ, ಸುಮಾರು 48,500 ಟನ್ನಿನ ಹಡಗು. ಗಾತ್ರದಲ್ಲಿ ಡಿಸ್ನಿ ಅಡ್ವೆಂಚರ್‌ನ ಕಾಲು ಭಾಗಕ್ಕಿಂತ ಚಿಕ್ಕದು. ಕಥಾಲೋಕ, ರೋಲರ್ ಕೋಸ್ಟರ್ ನಿರೀಕ್ಷಿಸಿ ಹೋಗಬೇಡಿ. ಆದರೆ ದೇಶದೊಳಗಿನ ಯಾನಕ್ಕೆ ಪಾಸ್‌ಪೋರ್ಟ್ ಬೇಡ, ವೀಸಾ ಬೇಡ, ಖರ್ಚು ರೂಪಾಯಿಯಲ್ಲಿ, ಊಟ ನಮ್ಮದೇ. ಮಂಗಳೂರು, ಉಡುಪಿಯವರು ಮತ್ಸ್ಯಗಂಧಾ ರೈಲಿನಲ್ಲಿ ಮುಂಬೈ ಸೇರಬಹುದು, ಬೆಂಗಳೂರಿನವರಿಗೆ ಕೊಚ್ಚಿಗೂ ಚೆನ್ನೈಗೂ ರೈಲುಗಳಿವೆ. ಹಿರಿಯರು ಜೊತೆಗಿರುವ ಆರು ಜನರ ಮನೆಗೆ ಈ ಅನುಕೂಲ ಸಣ್ಣದಲ್ಲ. ಲಕ್ಷದ್ವೀಪದಲ್ಲಿ ದೋಣಿಗಳಲ್ಲಿ ಇಳಿಸುತ್ತಾರೆ, ಸಮುದ್ರ ಒರಟಾಗಿದ್ದರೆ ಅದು ರದ್ದಾಗಬಹುದು. ಬಂದರು ಶುಲ್ಕ, ಜಿಎಸ್‌ಟಿ, ಟಿಪ್ಸ್ ಸೇರಿದ ಮೊತ್ತವನ್ನೇ ಕೇಳಿ ಪಡೆಯಿರಿ.

ಹಡಗೇ ಬೇಡವೆಂದರೆ

ಮಗುವಿಗೆ ಬೇಕಿರುವುದು ಎಲ್ಸಾಳೇ ಹೊರತು ಸಮುದ್ರವಲ್ಲ ಎನ್ನುವುದಾದರೆ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ನನ್ನ ಮೊದಲ ಸಲಹೆ. 2023ರ ನವೆಂಬರ್‌ನಲ್ಲಿ ಅಲ್ಲಿ ಫ್ರೋಜನ್ ಕಥೆಯ ಪೂರ್ತಿ ಊರೊಂದು ತೆರೆದಿದೆ. ಪಾರ್ಕ್ ದೊಡ್ಡದೇನಲ್ಲ, ಎರಡು ದಿನದಲ್ಲಿ ನೆಮ್ಮದಿಯಾಗಿ ಮುಗಿಯುತ್ತದೆ. ಭಾರತೀಯರು ಹಾಂಗ್‌ಕಾಂಗ್‌ನಲ್ಲಿ 14 ದಿನದವರೆಗೆ ಇರಲು ವೀಸಾ ಬದಲು ಉಚಿತ ಆನ್‌ಲೈನ್ ನೋಂದಣಿ ಸಾಕು. ಟಿಕೆಟ್ ಕೊಂಡು ಸಾಧಾರಣ ಹೋಟೆಲಿನಲ್ಲಿ ಉಳಿದರೆ ಖರ್ಚನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಬಹುದು. ಹಡಗಿನಲ್ಲಿ ಆ ಸ್ವಾತಂತ್ರ್ಯವಿಲ್ಲ. ಸಿಂಗಪುರದಲ್ಲೇ ಉಳಿದು ಸೆಂಟೋಸಾದ ಯೂನಿವರ್ಸಲ್ ಸ್ಟುಡಿಯೋಸ್, ನೈಟ್ ಸಫಾರಿ ನೋಡುವುದೂ ಹೀಗೆಯೇ. ಬೇರೆ ಬೇರೆ ವಯಸ್ಸಿನ ಮಕ್ಕಳಿದ್ದರೆ ಇದು ಹೆಚ್ಚು ಹೊಂದುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ

ಅಲ್ಲಿ ಹೋಲಿಕೆ ಡಿಸ್ನಿಯ ಫ್ಲಾರಿಡಾ ಹಡಗುಗಳಿಗೂ ರಾಯಲ್ ಕೆರಿಬಿಯನ್‌ನ ‘ಯುಟೋಪಿಯಾ’ದಂಥ ಹಡಗುಗಳಿಗೂ ನಡುವೆ. ವಯಸ್ಸಿನ ಅಳತೆಗೋಲು ಅಲ್ಲಿಯೂ ಅದೇ. ಆದರೆ ಡಿಸ್ನಿಯದೇ ಕಡಲತೀರ ಸಿಗುವುದರಿಂದ ಹೆಚ್ಚುವರಿ ಬೆಲೆಗೆ ಸಿಂಗಪುರಕ್ಕಿಂತ ಬಲವಾದ ಸಮರ್ಥನೆಯಿದೆ. ಸೆಪ್ಟೆಂಬರ್‌ನಲ್ಲಿ ದರ ಇಳಿಯುತ್ತದೆ, ಅದು ಚಂಡಮಾರುತದ ಕಾಲ ಎಂಬುದೂ ಅದಕ್ಕೆ ಕಾರಣ. ದರಕ್ಕಿಂತ ಮೊದಲು ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆ ನೋಡಿಕೊಳ್ಳಿ. ಎಚ್‌-1ಬಿ ಉದ್ಯೋಗ ವೀಸಾದಲ್ಲಿರುವವರ ಮುದ್ರೆಯ ಅವಧಿ ಮುಗಿದಿದ್ದರೆ, ಕೆನಡಾ ಮೆಕ್ಸಿಕೊಗಳಿಗೆ ಹೋಗಿ 30 ದಿನದೊಳಗೆ ಮರಳುವವರಿಗೆ ಇರುವ ರಿಯಾಯಿತಿ ಬಹಾಮಾಸ್‌ಗೆ ಅನ್ವಯಿಸುವುದಿಲ್ಲ. ಊರಿನಿಂದ ಬಂದಿರುವ ತಂದೆ ತಾಯಿಯನ್ನು ಕರೆದೊಯ್ಯುವುದಾದರೆ ಅವರ ವೀಸಾ ಹಲವು ಬಾರಿ ಪ್ರವೇಶಿಸಲು ಅನುಮತಿಸುವಂಥದ್ದಾಗಿರಬೇಕು.

ಹಾಗಾದರೆ ಯಾರಿಗೆ ಯಾವುದು

ಮಕ್ಕಳಿಬ್ಬರೂ ನಾಲ್ಕರಿಂದ ಒಂಬತ್ತರೊಳಗೆ, ಡಿಸ್ನಿ ಕಥೆಗಳು ಮನೆಯ ಮಾತೇ ಆಗಿವೆ, ಸಾಲ ಮಾಡದೆ ನಾಲ್ಕು ರಾತ್ರಿಯ ಖರ್ಚು ಹೊರಬಲ್ಲಿರಿ ಎಂದಾದರೆ ಡಿಸ್ನಿ ಅಡ್ವೆಂಚರ್ ಹತ್ತಿ, ಹಿಂಜರಿಯಬೇಡಿ. ಈ ಮೂರರಲ್ಲಿ ಎರಡು ಮಾತ್ರ ಇದ್ದರೆ ಹಾಂಗ್‌ಕಾಂಗ್. ಮಕ್ಕಳು ದೊಡ್ಡವರಾಗಿದ್ದರೆ ರಾಯಲ್ ಕೆರಿಬಿಯನ್. ಅಜ್ಜ ಅಜ್ಜಿಯನ್ನು ಬಿಟ್ಟು ಹೋಗಲು ಮನಸ್ಸಿಲ್ಲ, ಬಜೆಟ್ಟೂ ಬಿಗಿ ಎನ್ನುವವರಿಗೆ ಕಾರ್ಡೀಲಿಯಾ. ಕಂತಿನ ಸಾಲದಲ್ಲಿ ಡಿಸ್ನಿ ಹಡಗು ಹತ್ತುವುದನ್ನು ಮಾತ್ರ ನಾನು ಯಾರಿಗೂ ಹೇಳಲಾರೆ. ಹಡಗಿನ ಒಳಗೂ ಪ್ರತಿ ತಿರುವಿನಲ್ಲಿ ಗೊಂಬೆ ಅಂಗಡಿಯಿದೆ, ಆಗಲೇ ಬಿಗಿಯಾಗಿರುವ ಕೈ ಮಗುವಿನ ಪ್ರತಿ ಆಸೆಗೂ ಬೇಡ ಎನ್ನಬೇಕಾಗುತ್ತದೆ.

ಮುಂಗಡ ಕಟ್ಟುವ ಮೊದಲು ಏಜೆಂಟರಿಂದ ಲಿಖಿತವಾಗಿ ಕೆಲವು ಉತ್ತರ ಪಡೆಯಿರಿ. ಹೇಳಿದ ಮೊತ್ತದಲ್ಲಿ ಬಂದರು ಶುಲ್ಕ ಮತ್ತು ಟಿಪ್ಸ್ ಸೇರಿವೆಯೇ? ಕೋಣೆ ಯಾವ ಅಂತಸ್ತಿನಲ್ಲಿದೆ, ಯಾವ ಕಡೆಗೆ ತೆರೆಯುತ್ತದೆ? ರಾತ್ರಿಯೂಟದ ಸರದಿ ಬೇಗನೆಯದೋ ತಡವಾದದ್ದೋ? ಸಣ್ಣ ಮಕ್ಕಳಿದ್ದರೆ ಬೇಗನೆಯದನ್ನೇ ಕೇಳಿ. ಯಾವ ಪಾತ್ರಗಳ ಭೇಟಿಗೆ ಮುಂಚಿತವಾಗಿ ಸಮಯ ಕಾಯ್ದಿರಿಸಬೇಕು, ಅದು ಎಂದಿನಿಂದ ತೆರೆಯುತ್ತದೆ? ಹಡಗು ಹತ್ತಿ ಹೊರಟವರು ಮತ್ತೆ ಸಿಂಗಪುರಕ್ಕೆ ಇಳಿಯಬೇಕಾದ್ದರಿಂದ ಹಲವು ಪ್ರವೇಶದ ವೀಸಾವನ್ನೇ ಮಾಡಿಸುತ್ತಾರೆಯೇ? ಮನೆಯ ಒಬ್ಬರಿಗೆ ವೀಸಾ ಬಾರದೆ ಹೋದರೆ ಎಲ್ಲರ ಹಣದಲ್ಲಿ ಎಷ್ಟು, ಯಾವ ತಾರೀಖಿನವರೆಗೆ ಮರಳುತ್ತದೆ? ಕೊನೆಯ ಪ್ರಶ್ನೆಗೆ ನೇರ ಉತ್ತರ ಕೊಡದ ಏಜೆಂಟರ ಬಳಿ ಹಣ ಕಟ್ಟಬೇಡಿ.